ಆಟ ಯಾವತ್ತು? ಲಾರ್ಪ್ ಬಳಗಕ್ಕೊಂದು ನಂಬಬಹುದಾದ ಕ್ಯಾಲೆಂಡರ್

“ಗುರು, ಗೇಮ್ ಯಾವತ್ತು?”

ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ವಾರಕ್ಕೆ ಎರಡು ಸಲ ಬರುತ್ತಿದ್ದರೆ ಬಳಗಕ್ಕೆ ಕ್ಯಾಲೆಂಡರ್ ಇಲ್ಲ ಎಂದು ಲೆಕ್ಕ. ಇದ್ದೂ ಯಾರೂ ಅದನ್ನು ನಂಬುತ್ತಿಲ್ಲ ಎಂದೂ ಇರಬಹುದು. ಎರಡನೆಯದು ಹೆಚ್ಚು ಮೊಂಡು ಕಾಯಿಲೆ. ನಮ್ಮ ಬಳಗಕ್ಕೆ ಎರಡೂ ಬಂದು ಹೋಗಿವೆ. ವಾಸಿಯಾದ ಮೇಲೆ ಬರೆಯುತ್ತಿದ್ದೇನೆ.

ಲಾರ್ಪ್ ಎಂದರೇನು ಎಂದು ಕೇಳುವವರಿಗೆ ಎರಡು ಮಾತು. ವೇಷ ಹಾಕಿಕೊಂಡು, ಒಂದು ಪಾತ್ರವಾಗಿ, ಕೆಲವು ಗಂಟೆ ಆ ಪಾತ್ರದಂತೆಯೇ ನಡೆದು ಮಾತಾಡುವ ಆಟ. ತಾಳಮದ್ದಳೆಯ ಅರ್ಥಧಾರಿಗಳಿಗೆ ಇದ್ದ ಹಾಗೆ ಇಲ್ಲೂ ಬರೆದಿಟ್ಟ ಸಂಭಾಷಣೆ ಇಲ್ಲ, ಮಾತು ಆ ಹೊತ್ತಿಗೆ ಹುಟ್ಟಬೇಕು. ಆದರೆ ಎದುರಿಗೆ ಕೂತು ನೋಡುವವರಿಲ್ಲ, ಬಂದವರೆಲ್ಲ ಆಡುವವರೇ. 1977ರಲ್ಲಿ ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ ಡಾಗೊರ್‌ಹಿರ್ ಎಂಬ ಕತ್ತಿವರಸೆಯ ಆಟ, 1982ರಲ್ಲಿ ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ ಟ್ರೆಶರ್ ಟ್ರ್ಯಾಪ್ ಎಂಬ ಆಟ ಶುರುವಾದವು. ಆಮೇಲೆ ಇದು ಬೇರೆಬೇರೆ ದೇಶಗಳಲ್ಲಿ ಬೇರೆಬೇರೆ ರೂಪ ತಾಳಿತು. ಬೆಂಗಳೂರಿನಲ್ಲಿ ನಾವು ಆಡುವುದು ಹೆಚ್ಚಾಗಿ ಯಾರದೋ ಮನೆಯ ಹಾಲ್‌ನಲ್ಲಿ, ಬಾಡಿಗೆಯ ರಿಹರ್ಸಲ್ ಕೋಣೆಯಲ್ಲಿ, ವರ್ಷಕ್ಕೊಂದೆರಡು ಸಲ ಊರಾಚೆಯ ತೋಟದಲ್ಲಿ.

ಇಂಥ ಬಳಗಕ್ಕೆ ದಿನ ಗೊತ್ತು ಮಾಡುವುದು ಸಿನಿಮಾ ನೋಡುವ ಗುಂಪಿಗಿಂತ ಕಷ್ಟ. ಹತ್ತು ಜನ ಸಿನಿಮಾಗೆ ಹೋಗುವಾಗ ಒಬ್ಬ ಕೈಕೊಟ್ಟರೆ ಒಂದು ಸೀಟು ಖಾಲಿ. ಹದಿನಾಲ್ಕು ಪಾತ್ರದ ಆಟದಲ್ಲಿ ಮಂತ್ರಿಯೇ ಬರದಿದ್ದರೆ ಸಂಚು ಮಾಡುವವರು ಯಾರು? ಮೇಲಾಗಿ ನಗರದಲ್ಲಿ ಇರುವ ನಾಲ್ಕಾರು ಸಣ್ಣ ಗುಂಪುಗಳಿಗೆ ಎನ್‌ಪಿಸಿ ಆಡುವವರು (ಅಂದರೆ ಆಟ ನಡೆಸುವವರ ಕಡೆಯಿಂದ ಉಪಪಾತ್ರ ವಹಿಸುವವರು), ಮೇಕಪ್ ಮಾಡುವವರು ಅವರೇ ಐದಾರು ಜನ. ಅವರ ಒಂದು ಭಾನುವಾರವನ್ನು ಇಬ್ಬರು ಹಿಡಿದರೆ ಎರಡೂ ಆಟ ಕುಂಟುತ್ತವೆ.

ಮೊದಲು ಒಬ್ಬ ಶಾನುಭೋಗರನ್ನು ಹುಡುಕಿ

ಆ್ಯಪ್ ಯಾವುದು ಎಂಬ ಚರ್ಚೆಗೆ ಮುಂಚೆ ಇದು ಆಗಬೇಕು. ಎಲ್ಲರೂ ಬರೆಯಬಹುದಾದ ಕ್ಯಾಲೆಂಡರನ್ನು ಯಾರೂ ಬರೆಯುವುದಿಲ್ಲ, ಇಲ್ಲವೇ ಎಲ್ಲರೂ ಸೇರಿ ಕೆಡಿಸುತ್ತಾರೆ. ಹಳ್ಳಿಯ ಲೆಕ್ಕ ಒಬ್ಬರ ಕೈಯಲ್ಲಿ ಇದ್ದ ಹಾಗೆ ಇಲ್ಲೂ ಒಬ್ಬರು ಬರೆಯಲಿ, ಇನ್ನೊಬ್ಬರು ಅವರು ಊರಿಗೆ ಹೋದಾಗ ನೋಡಿಕೊಳ್ಳಲಿ. ಮೂರನೆಯವರು ಬೇಡ. ಆಟ ಬರೆದು ನಡೆಸುವ ಜಿಎಂಗೇ (ಗೇಮ್ ಮಾಸ್ಟರ್) ಈ ಕೆಲಸವನ್ನೂ ಹೊರಿಸಬೇಡಿ. ಕತೆ ಮುಗಿಯದ ಜಿಎಂ ತನ್ನ ದಿನವನ್ನು ತಾನೇ ಸದ್ದಿಲ್ಲದೆ ಮುಂದೂಡಿಕೊಳ್ಳುತ್ತಾನೆ, ನಾನೂ ಹಾಗೆ ಮಾಡಿದವನೇ.

ಕ್ಯಾಲೆಂಡರ್ ಯಾರ ಸ್ವಂತ ಖಾತೆಯಲ್ಲೂ ಇರಬಾರದು. ಬಳಗದ ಹೆಸರಿನಲ್ಲೇ ಒಂದು ಜಿಮೇಲ್ ಖಾತೆ ತೆಗೆದು ಅದರಲ್ಲಿ ಮಾಡಿ. ಕೆಲಸ ಸಿಕ್ಕಿ ಪುಣೆಗೆ ಹೋದ ಗೆಳೆಯ ಹಳೆಯ ಆಫೀಸಿನ ಖಾತೆಯಲ್ಲಿ ಕ್ಯಾಲೆಂಡರ್ ಇಟ್ಟಿದ್ದರೆ, ಆ ಖಾತೆ ಮುಚ್ಚಿದ ದಿನ ನಿಮ್ಮ ವರ್ಷವೂ ಮುಚ್ಚಿಕೊಳ್ಳುತ್ತದೆ.

ಮೂರು ಕ್ಯಾಲೆಂಡರ್, ಒಂದಲ್ಲ

ನಾನು ಗೂಗಲ್ ಕ್ಯಾಲೆಂಡರ್ ಲೆಕ್ಕದಲ್ಲಿ ಹೇಳುತ್ತೇನೆ, ಹೆಚ್ಚಿನವರ ಫೋನಿನಲ್ಲಿ ಈಗಾಗಲೇ ಇರುವುದು ಅದು. ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು ಎಡಗಡೆ ‘ಇತರ ಕ್ಯಾಲೆಂಡರ್‌ಗಳು’ ಎಂಬುದರ ಪಕ್ಕದ ಕೂಡು ಗುರುತು ಒತ್ತಿದರೆ ಹೊಸದು ಮಾಡಬಹುದು. ಮೂರು ಮಾಡಿ.

ಒಂದು, ಎಲ್ಲರೂ ನೋಡುವ ‘ಆಟಗಳು’. ಎರಡು, ನಡೆಸುವವರು ಮಾತ್ರ ನೋಡುವ ‘ಚೌಕಿ’. ಯಕ್ಷಗಾನದಲ್ಲಿ ವೇಷ ಕಟ್ಟುವ ಜಾಗಕ್ಕೆ ಇರುವ ಹೆಸರೇ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಮೂರು, ‘ಬೇಡದ ದಿನ’. ಅದರ ವಿಷಯ ಮುಂದೆ ಬರುತ್ತದೆ.

ಚೌಕಿಯನ್ನು ಬೇರೆ ಮಾಡಲೇಬೇಕು ಎಂದು ನನಗೆ ಕಲಿಸಿದ್ದು ಒಂದು ಅವಮಾನ. ಆಗ ನಮ್ಮಲ್ಲಿ ಒಂದೇ ಕ್ಯಾಲೆಂಡರ್ ಇತ್ತು. ಎನ್‌ಪಿಸಿಗಳಿಗೆ ಅನುಕೂಲ ಆಗಲಿ ಎಂದು ಆಟದೊಳಗಿನ ಘಟನೆಗಳನ್ನೂ ಹೊತ್ತು ಸಮೇತ ಅದರಲ್ಲೇ ಹಾಕಿದ್ದೆ. ಶನಿವಾರ ಬೆಳಿಗ್ಗೆ ಇಪ್ಪತ್ತೆರಡು ಆಟಗಾರರ ಫೋನಿನಲ್ಲಿ “7:40 – ರಾಜನ ಕೊಲೆ” ಎಂದು ನೆನಪೋಲೆ ಬಂತು. ಸಂಜೆ ಏಳೂವರೆಗೆ ಇಡೀ ದರ್ಬಾರು ರಾಜನ ಸುತ್ತ ನೆರೆದು ಗಡಿಯಾರ ನೋಡುತ್ತಿತ್ತು. ರಾಜ ಆಡಿದವನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಹಂಚುವಾಗ ಗೂಗಲ್ ನಾಲ್ಕು ಮಟ್ಟದ ಅಧಿಕಾರ ಕೊಡುತ್ತದೆ: ಬಿಡುವಿದೆಯೋ ಇಲ್ಲವೋ ಎಂಬಷ್ಟೇ ಕಾಣುವುದು, ವಿವರವೆಲ್ಲ ಕಾಣುವುದು, ತಿದ್ದಬಹುದು, ತಿದ್ದಿ ಬೇರೆಯವರಿಗೂ ಹಂಚಬಹುದು. ಆಟಗಾರರಿಗೆ ಎರಡನೆಯದು ಸಾಕು. ನಾಲ್ಕನೆಯದು ಶಾನುಭೋಗರಿಬ್ಬರಿಗೆ ಮಾತ್ರ. ಜಿಎಂಗಳಿಗೆ ಚೌಕಿಯಲ್ಲಿ ತಿದ್ದುವ ಅಧಿಕಾರ ಕೊಡಿ, ‘ಆಟಗಳು’ ಕ್ಯಾಲೆಂಡರಿನಲ್ಲಿ ಬೇಡ.

ಕಾಲವಲಯ ‘ಕೋಲ್ಕತ್ತ’ ಎಂದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ವಿಡಿಯೊ ಕರೆಯಲ್ಲಿ ಆಡುವ ಆಟಕ್ಕೆ ಯೂರೋಪಿನವರೂ ಸೇರುವುದಿದ್ದರೆ ಇದು ಮುಖ್ಯ. ನಮ್ಮ ಗಡಿಯಾರ ವರ್ಷವಿಡೀ ಒಂದೇ, ಅವರದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಒಂದೊಂದು ಗಂಟೆ ಜರುಗುತ್ತದೆ. ನಮಗೆ ರಾತ್ರಿ ಎಂಟಕ್ಕೇ ಇರುವ ಆಟ ಅವರಿಗೆ ಇದ್ದಕ್ಕಿದ್ದಂತೆ ಒಂದು ಗಂಟೆ ಹಿಂದೆಮುಂದೆ ಆಗುತ್ತದೆ.

ಆಟಕ್ಕೆ ಮುಂಚೆ ಬೇಡದ ದಿನಗಳನ್ನು ತುಂಬಿ

ಹೊಸ ವರ್ಷದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಗೋಡೆಗೆ ಬಂದ ಕೂಡಲೇ ಅದರ ಮುಂದೆ ಒಂದು ಸಂಜೆ ಕೂತುಬಿಡಿ. ಆಡಲಾಗದ ದಿನಗಳನ್ನೆಲ್ಲ ಮೂರನೆಯ ಕ್ಯಾಲೆಂಡರಿಗೆ ಬೂದು ಬಣ್ಣದಲ್ಲಿ ಹಾಕಿ. ಯುಗಾದಿ, ಗಣೇಶ, ದಸರಾ, ದೀಪಾವಳಿಗೆ ಅರ್ಧ ಬಳಗ ಮೆಜೆಸ್ಟಿಕ್‌ನಿಂದ ಬಸ್ ಹತ್ತಿರುತ್ತದೆ. ಹಬ್ಬದ ದಿನದ ಜೊತೆಗೆ ಹಿಂದುಮುಂದಿನ ವಾರಾಂತ್ಯವೂ ಹೋಯಿತು. ಮಾರ್ಚ್ ತಿಂಗಳು ಪಿಯುಸಿ ಪರೀಕ್ಷೆ ಮಕ್ಕಳಿರುವ ಮನೆಯ ಹಾಲ್ ಸಿಗುವುದಿಲ್ಲ.

ಆಮೇಲೆ ಜಾಗಕ್ಕೆ ಅಂಟಿದ ಅಡ್ಡಿಗಳು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಲಾಲ್‌ಬಾಗ್ ಕಡೆ ತಲೆ ಹಾಕಬೇಡಿ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬಸವನಗುಡಿ ಜನಸಾಗರ, ಹಿಂದಿನ ಭಾನುವಾರವೇ ಶುರು. ಚೈತ್ರದ ಹುಣ್ಣಿಮೆಯ ರಾತ್ರಿ ಪೇಟೆ ಬೀದಿಗಳಲ್ಲಿ ಕರಗ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯ ಇರುವ ಸಂಜೆ ಕಬ್ಬನ್ ಪಾರ್ಕಿನ ಅಕ್ಕಪಕ್ಕ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.

ಮಳೆಯ ಲೆಕ್ಕವನ್ನು ಎಲ್ಲರೂ ತಪ್ಪು ಮಾಡುತ್ತಾರೆ. ಮಳೆಗಾಲ ಅಂದರೆ ಜೂನ್–ಜುಲೈ ಎಂದು ನಾವು ಮಲೆನಾಡಿನ ನೆನಪಿನಲ್ಲಿ ಹೇಳುತ್ತೇವೆ. ಬೆಂಗಳೂರಿನಲ್ಲಿ ಆಗ ಬರುವುದು ಬಹುತೇಕ ಜಿಟಿಜಿಟಿ ಮಳೆ, ತುಂತುರು. ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರ್‌ನದು, ಜೊತೆಗೆ ಮೇ ತಿಂಗಳ ಸಂಜೆಯ ಗುಡುಗು. ತೋಟದ ಆಟ, ಫೋಮ್ ಕತ್ತಿಯ ಕಾಳಗ ಇವೆಲ್ಲ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ. ನೆನೆದ ಫೋಮ್ ಕತ್ತಿ ಒಣಗಲು ಮೂರು ದಿನ ಬೇಕು, ವಾಸನೆ ಹೋಗಲು ಮೂರು ವಾರ.

ಇನ್ನೊಂದು ಗುಟ್ಟು, ಇದನ್ನು ನಮ್ಮಮ್ಮ ಹೇಳಿಕೊಟ್ಟರು. ಹಾಲ್ ಹುಡುಕಿ ಸುಸ್ತಾಗಿ ಕೂತಿದ್ದಾಗ, “ಆಷಾಢದಲ್ಲಿ ಕೇಳೋ, ಆಗ ಯಾರ ಮದುವೆ ಇರುತ್ತೆ?” ಎಂದರು. ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆ ಇಲ್ಲದ ಕಾರಣ ಬಡಾವಣೆಯ ಸಣ್ಣ ಛತ್ರಗಳು, ಸಮುದಾಯ ಭವನಗಳು ಖಾಲಿ ಇರುತ್ತವೆ, ಬಾಡಿಗೆಯಲ್ಲಿ ಚೌಕಾಸಿಗೂ ಜಾಗ ಇರುತ್ತದೆ. ನಮ್ಮ ಒಳಾಂಗಣದ ದೊಡ್ಡ ಆಟ ಈಗ ಪ್ರತಿ ವರ್ಷ ಆಷಾಢದಲ್ಲೇ. ಪಂಚಾಂಗ ನೋಡಿ ಆ ಎರಡು ತಿಂಗಳನ್ನು ಹಸಿರು ಬಣ್ಣದಲ್ಲಿ ಗುರುತು ಮಾಡಿಡಿ.

ಯೋಚನೆ, ಹಿಡಿದಿದೆ, ಖಚಿತ

ಇಡೀ ಲೇಖನದಲ್ಲಿ ಒಂದೇ ವಿಷಯ ಪಾಲಿಸುತ್ತೀರಿ ಎಂದರೆ ಇದನ್ನು ಪಾಲಿಸಿ.

ಕ್ಯಾಲೆಂಡರ್ ಮೇಲೆ ನಂಬಿಕೆ ಹೋಗುವುದು ತಪ್ಪು ದಿನದಿಂದ ಅಲ್ಲ, ಆ ದಿನ ಎಷ್ಟು ಗಟ್ಟಿ ಎಂದು ಗೊತ್ತಾಗದೆ. ಜಿಎಂ “ನವೆಂಬರ್ ಎರಡನೇ ಶನಿವಾರ ಇಟ್ಟುಕೊಳ್ಳೋಣವಾ” ಎಂದು ಗುನುಗಿದ್ದನ್ನು ಒಬ್ಬ ಕ್ಯಾಲೆಂಡರಿಗೆ ಹಾಕುತ್ತಾನೆ. ಇನ್ನೊಬ್ಬಳು ಅದನ್ನು ನೋಡಿ ರಜೆ ಹಾಕುತ್ತಾಳೆ. ಮತ್ತೊಬ್ಬ ಹುಬ್ಬಳ್ಳಿಯಿಂದ ರೈಲಿಗೆ ಟಿಕೆಟ್ ಮಾಡಿಸುತ್ತಾನೆ. ಜಿಎಂಗೆ ತಾನು ಹಾಗೆ ಹೇಳಿದ್ದೇ ನೆನಪಿರುವುದಿಲ್ಲ. ಒಂದು ಸಲ ಹೀಗಾದರೆ ಸಾಕು, ಮುಂದಿನ ಸಲ ಖಚಿತವಾದ ದಿನಕ್ಕೂ ಎಲ್ಲರೂ ವಾಟ್ಸಾಪ್‌ನಲ್ಲಿ ಮತ್ತೆ ಕೇಳುತ್ತಾರೆ.

ಕ್ಯಾಲೆಂಡರ್ ಆ್ಯಪ್‌ಗಳು ಒಂದಕ್ಕೊಂದು ಮಾಹಿತಿ ಕೊಟ್ಟುಕೊಳ್ಳುವ ಐಕ್ಯಾಲೆಂಡರ್ ಎಂಬ ಮಾದರಿ ಇದೆ. ಆರ್‌ಎಫ್‌ಸಿ 5545 ಎಂಬ ಹೆಸರಿನ ಅದರ ನಿಯಮಾವಳಿ ಬಂದದ್ದು 2009ರಲ್ಲಿ. ಅದರಲ್ಲಿ ಒಂದು ಕಾರ್ಯಕ್ರಮಕ್ಕೆ ಮೂರೇ ಸ್ಥಿತಿ: ಇನ್ನೂ ಗಟ್ಟಿಯಾಗಿಲ್ಲ, ಗಟ್ಟಿಯಾಗಿದೆ, ರದ್ದಾಗಿದೆ. ಫೋನಿನ ಪರದೆಯ ಮೇಲೆ ಈ ಸ್ಥಿತಿ ಎದ್ದು ಕಾಣುವುದಿಲ್ಲ, ಹಾಗಾಗಿ ಶೀರ್ಷಿಕೆಯ ಮೊದಲ ಪದದಲ್ಲೇ ಬರೆಯಬೇಕು. ನಾವು ‘ಗಟ್ಟಿಯಾಗಿಲ್ಲ’ ಎಂಬುದನ್ನು ಎರಡಾಗಿ ಒಡೆದಿದ್ದೇವೆ.

‘ಯೋಚನೆ’ ಎಂದರೆ ಮಾತು ನಡೆದಿದೆ ಅಷ್ಟೆ. ಇದು ಚೌಕಿಯಲ್ಲಿ ಮಾತ್ರ ಇರುತ್ತದೆ, ಆಟಗಾರರಿಗೆ ಕಾಣುವುದೇ ಇಲ್ಲ. ‘ಹಿಡಿದಿದೆ’ ಎಂದರೆ ಜಿಎಂ, ಜಾಗ ಎರಡೂ ಬಾಯಿಮಾತಿನಲ್ಲಿ ಒಪ್ಪಿಕೊಂಡಿವೆ. ಇದು ಎಲ್ಲರಿಗೂ ಕಾಣುತ್ತದೆ, ಬೇರೆ ಗುಂಪಿನವರು ಆ ದಿನ ಬಿಟ್ಟು ಯೋಚಿಸಲಿ ಎಂದು. ಆದರೆ ಅದಕ್ಕೆ ಹದಿನೈದು ದಿನದ ಆಯಸ್ಸು. ಅಷ್ಟರಲ್ಲಿ ಗಟ್ಟಿಯಾಗದಿದ್ದರೆ ಶಾನುಭೋಗರು ಯಾರನ್ನೂ ಕೇಳದೆ ಅಳಿಸಬಹುದು. ಈ ಆಯಸ್ಸು ಇಡದಿದ್ದರೆ ಕೆಲವರು ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ ಆರು ತಿಂಗಳ ಶನಿವಾರಗಳನ್ನೆಲ್ಲ ಹಿಡಿದಿಡುತ್ತಾರೆ.

‘ಖಚಿತ’ ಎಂಬ ಪದಕ್ಕೆ ನಮ್ಮಲ್ಲಿ ಒಂದೇ ಅರ್ಥ: ಜಾಗಕ್ಕೆ ಅಡ್ವಾನ್ಸ್ ಹೋಗಿದೆ. ಮನೆಯಲ್ಲಿ ಆಡುವುದಾದರೆ ಮನೆಯ ಹಿರಿಯರು ಹೂಂ ಅಂದಿದ್ದಾರೆ. ಅಲ್ಲಿಯವರೆಗೆ ಜಿಎಂ ಎಷ್ಟೇ ಎದೆ ತಟ್ಟಿಕೊಂಡರೂ ಶಾನುಭೋಗರು ಆ ಪದ ಬರೆಯಬಾರದು.

ಹಾಗಾಗಿ ಶೀರ್ಷಿಕೆ ಹೀಗಿರುತ್ತದೆ: “ಖಚಿತ – ದರ್ಬಾರು 3 – ಜಯನಗರ”. ಸ್ಥಿತಿ, ಆಟ, ಬಡಾವಣೆ. ಫೋನಿನ ಸಣ್ಣ ಪಟ್ಟಿಯಲ್ಲಿ ಕಾಣುವುದು ಮೊದಲ ಕೆಲವೇ ಅಕ್ಷರ, ಹಾಗಾಗಿ ಸ್ಥಿತಿಯೇ ಮುಂದೆ. ಆಟದ ಲೋಕದೊಳಗಿನ ತಿಥಿಯನ್ನು, ಅಂದರೆ “ಹಿಮಮಾಸದ ಮೂರನೇ ದಿನ” ಎಂಬಂಥದ್ದನ್ನು, ದಯವಿಟ್ಟು ಶೀರ್ಷಿಕೆಗೆ ಹಾಕಬೇಡಿ. ಕೇಳಲು ಚಂದ, ಆದರೆ ಒಬ್ಬನಾದರೂ ಮೂರನೇ ತಾರೀಕಿಗೆ ಬಂದು ಬಾಗಿಲು ತಟ್ಟುತ್ತಾನೆ.

ಹೊತ್ತು ಬರೆಯುವ ರೀತಿ

ಕ್ಯಾಲೆಂಡರಿನಲ್ಲಿ ಆಟದ ಪೆಟ್ಟಿಗೆ ಆಟಗಾರ ಬಾಗಿಲಿಗೆ ಬರಬೇಕಾದ ಹೊತ್ತಿನಿಂದ ಶುರುವಾಗಿ ಆತ ಮನೆಗೆ ಹೊರಡಬಹುದಾದ ಹೊತ್ತಿಗೆ ಮುಗಿಯಬೇಕು. ನಡುವಿನದನ್ನೆಲ್ಲ ವಿವರಣೆಯಲ್ಲಿ ಬರೆಯಿರಿ. ನಮ್ಮ ಒಂದು ಸಂಜೆಯ ಆಟ ಹೀಗಿರುತ್ತದೆ: 3:00 ಬರುವುದು, ವೇಷ, 3:45 ವರ್ಕ್‌ಶಾಪ್, ಸುರಕ್ಷತೆಯ ಮಾತು, 4:45 ಬಾಗಿಲು ಹಾಕುತ್ತೇವೆ, 5:00 ಆಟ, 8:00 ಆಟ ಮುಕ್ತಾಯ, 8:15 ಡೀಬ್ರೀಫ್ (ಪಾತ್ರದಿಂದ ಹೊರಬರುವ ಮಾತುಕತೆ), 9:00 ಮನೆಗೆ. ಸಾಮಾನು ತುಂಬಿ ಹಾಲ್ ಗುಡಿಸುವ ಕೆಲಸ ಚೌಕಿಯ ಕ್ಯಾಲೆಂಡರಿನಲ್ಲಿ 10ರವರೆಗೆ.

ಡೀಬ್ರೀಫ್ ಅನ್ನು ಜನ ಹಾರಿಸಿಬಿಡುತ್ತಾರೆ, ಅದಕ್ಕೇ ಅದನ್ನು ಹೊತ್ತು ಹಾಕಿ ಬರೆಯಬೇಕು. ಮೂರು ಗಂಟೆ ದ್ರೋಹಿಯಾಗಿ ಬೈಸಿಕೊಂಡವನು ಅದೇ ಮೈಯಲ್ಲಿ ನೇರ ಮನೆಗೆ ಹೋಗಬಾರದು. ವೇಷ ಕಳಚಿ, ನಾಲ್ಕು ಮಾತಾಡಿ, ತನ್ನ ಹೆಸರಿನಿಂದ ಕರೆಸಿಕೊಂಡು ಹೋಗಬೇಕು.

ಬಾಗಿಲು ಹಾಕುವ ಹೊತ್ತನ್ನು ನಾವು ಕಲಿತದ್ದು ರಂಗಶಂಕರದಿಂದ. ಜೆ.ಪಿ. ನಗರದ ಆ ರಂಗಮಂದಿರ 2004ರಲ್ಲಿ ಶುರುವಾಯಿತು. ನಾಟಕ ಶುರುವಾದ ಮೇಲೆ ಯಾರೇ ಬಂದರೂ ಒಳಗೆ ಬಿಡುವುದಿಲ್ಲ. ಟ್ರಾಫಿಕ್ ಎಂಬ ನೆಪ ಬೆಂಗಳೂರಿನಲ್ಲಿ ಎಲ್ಲ ಕಡೆ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ. ಜನ ಅದಕ್ಕೆ ಒಗ್ಗಿಕೊಂಡರು. ನಮ್ಮಲ್ಲೂ ಒಗ್ಗಿಕೊಂಡರು, ಎರಡು ಜಗಳದ ನಂತರ.

ಇನ್ನು 12 ಗಂಟೆ. “ಶನಿವಾರ ರಾತ್ರಿ 12ಕ್ಕೆ” ಎಂದು ಎಂದೂ ಬರೆಯಬೇಡಿ. ಅದು ಶನಿವಾರ ಮುಗಿದು ಭಾನುವಾರ ಹುಟ್ಟುವ ಹೊತ್ತೋ, ಶುಕ್ರವಾರ ಮುಗಿಯುವ ಹೊತ್ತೋ ಎಂದು ಒಬ್ಬೊಬ್ಬರಿಗೆ ಒಂದೊಂದು. ರಾತ್ರಿ 11:45 ಎಂದು ಬರೆದರೆ ಎಲ್ಲ ಗೊಂದಲ ಮುಗಿಯಿತು.

ತೋಟದಲ್ಲಿ ಆಡುವಾಗ ಸೂರ್ಯನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಲ್ಲಿ ನವೆಂಬರಿನಲ್ಲಿ ಸಂಜೆ 5:50ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಜುಲೈ ಶುರುವಿನಲ್ಲಿ 6:50ರ ಸುಮಾರಿಗೆ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಇದೆ, ಯುದ್ಧದ ಕಹಳೆಯನ್ನು ಅದಕ್ಕೆ ಮುಂಚೆ ಊದಿಸಿಬಿಡಿ. ಮೆಟ್ರೋದಲ್ಲಿ ಬಂದವರಿಗೆ ಕೊನೆಯ ರೈಲು ಸಿಗುವಂತೆ ಮುಗಿಸಿ. ನೇರಳೆ, ಹಸಿರು ಮಾರ್ಗಗಳು ಕೂಡುವ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಬೇಕಾದವರು ಅರ್ಧ ಗಂಟೆ ಮುಂಚೆಯೇ ಚಡಪಡಿಸಲು ಶುರು ಮಾಡುತ್ತಾರೆ, ಆಗ ಡೀಬ್ರೀಫ್ ಕೆಡುತ್ತದೆ.

ಜಾಗ ಮತ್ತು ಜನರ ಗುಟ್ಟು

ಎಲ್ಲರಿಗೂ ಕಾಣುವ ಕ್ಯಾಲೆಂಡರಿನಲ್ಲಿ ಯಾರದೇ ಮನೆಯ ವಿಳಾಸ ಬರೆಯಬೇಡಿ. ಬಡಾವಣೆಯ ಹೆಸರು, ಹತ್ತಿರದ ಮೆಟ್ರೋ ನಿಲ್ದಾಣ ಸಾಕು. ಪೂರ್ತಿ ವಿಳಾಸ ಹೆಸರು ಕೊಟ್ಟವರಿಗೆ ಹಿಂದಿನ ದಿನ ಹೋಗಲಿ. ಆಟಗಾರರನ್ನು ಕಾರ್ಯಕ್ರಮಕ್ಕೆ ‘ಅತಿಥಿ’ಗಳಾಗಿಯೂ ಸೇರಿಸಬೇಡಿ; ಅತಿಥಿ ಪಟ್ಟಿ ಕಾಣದಂತೆ ಗುರುತು ತೆಗೆಯದಿದ್ದರೆ ಒಬ್ಬರ ಮೇಲ್ ಐಡಿ ಎಲ್ಲರಿಗೂ ಸಿಗುತ್ತದೆ. ಹೆಸರು ಕೊಡಲು ಒಂದು ಫಾರಂ ಮಾಡಿ, ಅದರ ಕೊಂಡಿಯನ್ನು ವಿವರಣೆಯಲ್ಲಿ ಹಾಕಿ. ಆಫೀಸಿನಲ್ಲೋ ಮನೆಯಲ್ಲೋ ಈ ಹವ್ಯಾಸದ ಬಗ್ಗೆ ಹೇಳಿರದವರು ಪ್ರತಿ ಬಳಗದಲ್ಲೂ ಇರುತ್ತಾರೆ.

ಸಾರ್ವಜನಿಕ ಜಾಗವಾದರೆ ಅನುಮತಿಯ ಸ್ಥಿತಿಯನ್ನೂ ಚೌಕಿಯಲ್ಲಿ ಬರೆದಿಡಿ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡನ್ನೂ ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ, ಗುಂಪು ಕಟ್ಟಿಕೊಂಡು ಹೋಗುವ ಮುಂಚೆ ಅಲ್ಲಿ ಕೇಳಿ. ಫೋಮ್ ಕತ್ತಿಯನ್ನು ಚೀಲದೊಳಗೇ ಒಯ್ಯಿರಿ. ಮೆಟ್ರೋದ ತಪಾಸಣೆಯವರಿಗೆ ಅದು ಆಟದ್ದು ಎಂದು ವಿವರಿಸುವ ಸುಖ ನಾನು ಒಮ್ಮೆ ಅನುಭವಿಸಿದ್ದೇನೆ.

ಬದಲಾದರೆ, ರದ್ದಾದರೆ

ರದ್ದಾದ ಆಟವನ್ನು ಅಳಿಸಬೇಡಿ. ಅಳಿಸಿದರೆ ನೋಡುವವರಿಗೆ ಅದು ರದ್ದಾಯಿತೋ, ತನ್ನ ಫೋನು ಕೆಟ್ಟಿತೋ, ತಾನೇ ಕನಸು ಕಂಡಿದ್ದೋ ಗೊತ್ತಾಗುವುದಿಲ್ಲ. ಶೀರ್ಷಿಕೆಯ ಮೊದಲ ಪದವನ್ನು ‘ರದ್ದು’ ಎಂದು ಬದಲಿಸಿ, ಆ ದಿನ ಕಳೆಯುವವರೆಗೂ ಹಾಗೇ ಬಿಡಿ. ಮುಂದೂಡಿದ್ದರೆ ಹಳೆಯದನ್ನು ಹೊಸ ದಿನಕ್ಕೆ ಎಳೆಯಬೇಡಿ. ಹಳೆಯದರಲ್ಲಿ ‘ರದ್ದು, ಹೊಸ ದಿನ ಡಿಸೆಂಬರ್ 6’ ಎಂದು ಬರೆದು ಹೊಸದನ್ನು ಬೇರೆಯಾಗಿ ಹಾಕಿ. ಕೈತಪ್ಪಿ ಅಳಿಸಿದ್ದರೆ ಗಾಬರಿ ಬೇಡ, ಗೂಗಲ್ ಕ್ಯಾಲೆಂಡರಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ.

ಪ್ರತಿ ತಿಂಗಳು ಮರಳಿ ಬರುವ ಕೂಟವನ್ನು ತಿದ್ದುವಾಗ ‘ಇದೊಂದೇ’, ‘ಇದು ಮತ್ತು ಮುಂದಿನವು’, ‘ಎಲ್ಲವೂ’ ಎಂದು ಕೇಳುತ್ತದೆ. ಓದದೆ ಕೊನೆಯದನ್ನು ಒತ್ತಿದರೆ ಕಳೆದ ವರ್ಷದ ಇತಿಹಾಸವೂ ಬದಲಾಗುತ್ತದೆ. ಅಂದಹಾಗೆ, ತಿಂಗಳ ಕೂಟಕ್ಕೆ ಎರಡನೇ ಶನಿವಾರ ಒಳ್ಳೆಯದು. ಬ್ಯಾಂಕಿನವರಿಗೂ ಸರ್ಕಾರಿ ಕಚೇರಿಯವರಿಗೂ ಅವತ್ತು ರಜೆ, ಐಟಿಯವರಿಗೆ ಹೇಗೂ ಇದೆ.

ಒಂದು ತಾಂತ್ರಿಕ ತೊಡಕು ನೆನಪಿರಲಿ. ಕ್ಯಾಲೆಂಡರನ್ನು ಗೂಗಲ್ ಖಾತೆಯ ಮೂಲಕ ನೇರವಾಗಿ ಹಂಚಿಕೊಂಡವರಿಗೆ ಬದಲಾವಣೆ ಬೇಗ ಕಾಣುತ್ತದೆ. ಐಕ್ಯಾಲ್ ವಿಳಾಸದಿಂದ (ಮೇಲೆ ಹೇಳಿದ ಐಕ್ಯಾಲೆಂಡರ್ ಮಾದರಿಯ ಕೊಂಡಿ) ಬೇರೆ ಆ್ಯಪ್‌ಗೆ ಸೇರಿಸಿಕೊಂಡವರಿಗೆ ಹಲವು ಗಂಟೆ ತಡವಾಗಬಹುದು, ಕೆಲವೊಮ್ಮೆ ಅರ್ಧ ದಿನ. ಆದ್ದರಿಂದ ಆಟಕ್ಕೆ ಎರಡು ದಿನ ಇರುವಾಗ ಏನೇ ಬದಲಾದರೂ ವಾಟ್ಸಾಪ್‌ನಲ್ಲೂ ಹೇಳಿ, ಮುಖ್ಯ ಪಾತ್ರಗಳಿಗೆ ಫೋನ್ ಮಾಡಿ. ಉಳಿದ ದಿನಗಳಲ್ಲಿ “ಗೇಮ್ ಯಾವತ್ತು” ಎಂದು ಕೇಳಿದವರಿಗೆ ದಿನ ಹೇಳಬೇಡಿ, ಕ್ಯಾಲೆಂಡರಿನ ಕೊಂಡಿ ಕಳಿಸಿ. ಮೊದಲ ತಿಂಗಳು ಬೇಸರಪಟ್ಟುಕೊಳ್ಳುತ್ತಾರೆ.

ಅಕ್ಕಪಕ್ಕದ ಗುಂಪುಗಳ ಜೊತೆ

ನಾರ್ಡಿಕ್ ದೇಶಗಳ ಲಾರ್ಪ್ ಮಂದಿ 1997ರಲ್ಲಿ ಓಸ್ಲೋದಲ್ಲಿ ಕ್ನೂಟೆಪುಂಕ್ಟ್ ಎಂಬ ಸಮ್ಮೇಳನ ಶುರು ಮಾಡಿದರು. ಅದು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ನಡುವೆ ಸರದಿಯಂತೆ ಸುತ್ತುತ್ತದೆ. ಸರದಿ ಮೊದಲೇ ಗೊತ್ತಿರುವುದರಿಂದ ಮುಂದಿನ ಸಲ ಎಲ್ಲಿ ಎಂಬ ಜಗಳ ಇಲ್ಲ. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳದ್ದೂ ಇದೇ ಶಿಸ್ತು. ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆ ಎಂಬ ದಿನವೇ ಗೆಜ್ಜೆ ಬಿಚ್ಚುವುದು; ಕಟೀಲು, ಮಂದಾರ್ತಿ ಮೇಳಗಳ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುತ್ತಾರೆ.

ನಾವು ಅಷ್ಟು ದೊಡ್ಡವರಲ್ಲ. ಆದರೂ ಮೂರು ಗುಂಪುಗಳ ಶಾನುಭೋಗರು ಮೂರು ತಿಂಗಳಿಗೊಮ್ಮೆ ಗಾಂಧಿ ಬಜಾರಿನಲ್ಲಿ ದೋಸೆ ತಿನ್ನುತ್ತಾ ‘ಹಿಡಿದಿದೆ’ ದಿನಗಳನ್ನು ಹೋಲಿಸುತ್ತೇವೆ. ದೊಡ್ಡ ಆಟಗಳ ನಡುವೆ ಕನಿಷ್ಠ ಮೂರು ವಾರದ ಅಂತರ ಎಂಬ ಒಪ್ಪಂದ ಆ ಮೇಜಿನ ಮೇಲೇ ಆದದ್ದು. ಯಾರ ‘ಹಿಡಿದಿದೆ’ ಮೊದಲು ಬಿತ್ತೋ ದಿನ ಅವರದು, ದೋಸೆಯ ಬಿಲ್ಲು ಎರಡನೆಯವರದು.

ಡಿಸೆಂಬರ್ ಕೊನೆಯ ವಾರ ಕ್ಯಾಲೆಂಡರಿನ ಸೆಟ್ಟಿಂಗ್ಸ್‌ಗೆ ಹೋಗಿ ಇಡೀ ಕ್ಯಾಲೆಂಡರನ್ನು ಐಸಿಎಸ್ (ಅದೇ ಐಕ್ಯಾಲೆಂಡರ್ ಮಾದರಿಯ) ಫೈಲಾಗಿ ಇಳಿಸಿ ಇಟ್ಟುಕೊಳ್ಳಿ. ಖಾತೆಯ ಪಾಸ್‌ವರ್ಡ್ ಬದಲಿಸಿ ಇಬ್ಬರೂ ಬರೆದುಕೊಳ್ಳಿ. ಬಳಗ ಬಿಟ್ಟವರ ಹೆಸರನ್ನು ಹಂಚಿಕೆಯ ಪಟ್ಟಿಯಿಂದ ತೆಗೆಯಿರಿ. ಆಮೇಲೆ ಗೋಡೆಯಲ್ಲಿ ಹೊಸ ಕ್ಯಾಲೆಂಡರ್ ತೂಗುಹಾಕಿ, ಆಷಾಢ ಯಾವ ತಾರೀಕಿಗೆ ಶುರುವಾಗುತ್ತದೆ ಎಂದು ನೋಡಿ ಛತ್ರದವರಿಗೆ ಫೋನ್ ಮಾಡಿ.